ಶಿವಮೊಗ್ಗದಲ್ಲೊಂದು ವೇಗದ ವ್ಯಾಗನ್: ನನ್ನ ಅನುಭವ

ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಕಡೆ ಮನೆಮನೆಗೂ ಎತ್ತರದ ಎಸ್‌ಯುವಿ ಬರುತ್ತದೆ. ನಾನು ತಂದಿದ್ದು ಸ್ಟೇಷನ್ ವ್ಯಾಗನ್, ಅಂದರೆ ಚಾವಣಿಯನ್ನು ಡಿಕ್ಕಿಯ ತುದಿ ತನಕ ಎಳೆದ ಉದ್ದದ ಸೆಡಾನ್. 2018ರ ವೋಲ್ವೋ ವಿ90 ಕ್ರಾಸ್ ಕಂಟ್ರಿ, ಸೆಕೆಂಡ್ ಹ್ಯಾಂಡ್. ಎರಡು ಲೀಟರ್ ಡೀಸೆಲ್ ಇಂಜಿನ್, 235 ಎಚ್‌ಪಿ, 480 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಎಂಟು ಗೇರಿನ ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಎಳೆತ. ಉದ್ದ 4.9 ಮೀಟರ್ ದಾಟುತ್ತದೆ. ಮನೆಯಲ್ಲಿರುವುದು ಇದೊಂದೇ ಕಾರು. ಮಕ್ಕಳ ಸ್ಕೂಲು, ಅಮ್ಮನ ಆಸ್ಪತ್ರೆ, ತೋಟ, ಮದುವೆ ಮನೆ ಎಲ್ಲಕ್ಕೂ ಇದೇ. ಮಲೆನಾಡಿಗೆ ಇಂಥದ್ದು ಆಗಿಬರುತ್ತದಾ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮನೆಗೆ ತಂದ ದಿನ ಅಮ್ಮ ಜಗಲಿಯಲ್ಲೇ ನಿಂತು, "ಎಂತ ಮಾರಾಯ, ಆಂಬುಲೆನ್ಸ್ ತಂದ್ಯಾ?" ಅಂದಳು. ತೋಟದ ಕೆಲಸಕ್ಕೆ ಬರುವ ಹುಡುಗ ಹಿಂದಿನ ಬ್ಯಾಡ್ಜು ಓದಿ, "ಗೌಡ್ರೆ, ವೋಲ್ವೋ ಅಂದ್ರೆ ಬಸ್ಸಲ್ವಾ?" ಅಂತ ಕೇಳಿದ. ಬೆಂಗಳೂರಿಗೆ ಐರಾವತದಲ್ಲಿ ಹೋಗಿ ಬಂದವರಿಗೆ ಬೇರೆ ನೆನಪಾಗುವುದಾದರೂ ಹೇಗೆ? ಬಸ್ಸಿನ ಕಂಪನಿ ಬೇರೆ, ಕಾರಿನ ಕಂಪನಿ ಬೇರೆ. 1999ರಲ್ಲಿ ಕಾರಿನ ವಿಭಾಗವನ್ನು ಫೋರ್ಡ್ ಕೊಂಡಿತು, 2010ರಲ್ಲಿ ಅದು ಚೀನಾದ ಗೀಲಿ ಕೈಗೆ ಹೋಯಿತು. ಇದನ್ನೆಲ್ಲ ವಿವರಿಸುವ ಗೋಜಿಗೆ ನಾನು ಈಗ ಹೋಗುವುದಿಲ್ಲ. ಹೌದು, ಬಸ್ಸೇ ಅನ್ನುತ್ತೇನೆ.

ಈ ಜಾತಿಯ ಕಾರು ನಮ್ಮ ದೇಶದಲ್ಲಿ ಯಾವತ್ತೂ ನೆಲೆ ನಿಲ್ಲಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಆಮೇಲೆ ಬಲೆನೊ ಆಲ್ಟುರಾ, ಆಕ್ಟೇವಿಯಾ ಕಾಂಬಿ, ಇಂಡಿಗೊ ಮರೀನಾ. ಒಂದೊಂದೂ ಕೆಲವು ವರ್ಷ ಇದ್ದು ಹೋದವು. ವಿ90 ಕ್ರಾಸ್ ಕಂಟ್ರಿ 2017ರಲ್ಲಿ ಬಂದಾಗ ಎಕ್ಸ್ ಶೋರೂಂ ಬೆಲೆ 60 ಲಕ್ಷ. ಅಷ್ಟು ದುಡ್ಡು ಕೊಡುವವನಿಗೆ ಎತ್ತರದ ಗಾಡಿಯೇ ಬೇಕಿತ್ತು, ಹಾಗಾಗಿ ಇದನ್ನು ಕೇಳಿದವರು ಕಡಿಮೆ. ನನಗೆ ಲಾಭ ಆಗಿದ್ದೇ ಅದರಿಂದ. ಯಾರಿಗೂ ಬೇಡದ ಗಾಡಿ ಸೆಕೆಂಡ್ ಹ್ಯಾಂಡಿನಲ್ಲಿ ಬೇಗ ಇಳಿಯುತ್ತದೆ. ನಾನು ಕೊಟ್ಟಿದ್ದು ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆ.

ಇನ್ನು ವೇಗದ ಮಾತು. ನಮ್ಮ ಮನೆ ವಿನೋಬನಗರದಲ್ಲಿ, ತೋಟ ತೀರ್ಥಹಳ್ಳಿಯಿಂದಾಚೆ ಆಗುಂಬೆ ದಿಕ್ಕಿಗೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ಹೋಗುವ ದಾರಿ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು. ಎರಡೇ ಲೇನು. ಈ ದಾರಿಯಲ್ಲಿ 235 ಎಚ್‌ಪಿ ಇಟ್ಟುಕೊಂಡು ಏನು ಮಾಡುತ್ತೀಯ ಅಂತ ಭಾವ ಕೇಳಿದ್ದಕ್ಕೆ ನಾನು ಪೇಪರು ತೆಗೆದು ಲೆಕ್ಕ ಹಾಕಿ ತೋರಿಸಿದೆ. ಅದನ್ನು ಇಲ್ಲೂ ಹೇಳುತ್ತೇನೆ, ಯಾಕೆಂದರೆ ನನ್ನ ವಾದ ಇರುವುದೇ ಅದರಲ್ಲಿ.

ಏರಿನಲ್ಲಿ ಲೋಡ್ ಲಾರಿಯೊಂದು ಗಂಟೆಗೆ 30 ಕಿಲೋಮೀಟರಿನಲ್ಲಿ ಹತ್ತುತ್ತಿದೆ ಅಂದುಕೊಳ್ಳಿ. ನೀವು 20 ಮೀಟರ್ ಹಿಂದಿದ್ದೀರಿ. ಲಾರಿ 10 ಮೀಟರ್, ನಿಮ್ಮ ಕಾರು 5 ಮೀಟರ್, ದಾಟಿದ ಮೇಲೆ ಎಡಕ್ಕೆ ಸೇರಲು ಮುಂದೆ ಇನ್ನೊಂದು 20 ಮೀಟರ್ ಬೇಕು. ಅಲ್ಲಿಗೆ ಲಾರಿಗಿಂತ 55 ಮೀಟರ್ ಹೆಚ್ಚು ಓಡಬೇಕು. ನಿಮ್ಮ ಗಾಡಿಗೆ ಏರಿನಲ್ಲಿ ದಮ್ಮಿಲ್ಲ, ಸರಾಸರಿ 45ಕ್ಕೆ ಮಾತ್ರ ಏರಿತು ಅಂದರೆ ದಾಟಲು 13 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 165 ಮೀಟರ್ ಹೋಗಿರುತ್ತೀರಿ. ಎದುರಿನಿಂದ 50ರಲ್ಲಿ ಬರುವ ಬಸ್ಸು 180 ಮೀಟರ್ ಹತ್ತಿರ ಬಂದಿರುತ್ತದೆ. ಎರಡನ್ನೂ ಕೂಡಿ, ಸುಮಾರು 350 ಮೀಟರ್ ದಾರಿ ಖಾಲಿ ಇರಬೇಕು, ಅಷ್ಟೂ ನಿಮ್ಮ ಕಣ್ಣಿಗೆ ಕಾಣಬೇಕು. ಮಂಡಗದ್ದೆಯ ಆಚೆ ಈಚೆ ಅಷ್ಟುದ್ದ ನೇರ ರಸ್ತೆ ಸಿಕ್ಕರೆ ಪುಣ್ಯ. ಅದೇ ಗಾಡಿ ಸರಾಸರಿ 60ಕ್ಕೆ ಏರಬಲ್ಲದಾದರೆ ಆರೂವರೆ ಸೆಕೆಂಡಿನಲ್ಲಿ ಕೆಲಸ ಮುಗಿಯಿತು. 200 ಮೀಟರ್ ಕಂಡರೆ ಸಾಕು.

ಗಮನಿಸಿ, ಈ ಲೆಕ್ಕದಲ್ಲಿ ನಾನು ಎಲ್ಲೂ 100 ಮುಟ್ಟಿಲ್ಲ. ಇಂಥ ರಸ್ತೆಗೆ ಕಾರುಗಳ ಮಿತಿ 70. ಕಾರಿನ ವೇಗ ನನಗೆ ಬೇಕಾಗಿರುವುದು 30ರಿಂದ 70ರ ನಡುವೆ, ಅದೂ ಏರಿನಲ್ಲಿ, ಐದು ಜನ ಕೂತು ಡಿಕ್ಕಿ ತುಂಬಿದ್ದಾಗ. ಅಲ್ಲಿ ಎಚ್‌ಪಿಗಿಂತ ಟಾರ್ಕ್ ಮುಖ್ಯ. ಈ ಇಂಜಿನಿನಲ್ಲಿ ಪವರ್‌ಪಲ್ಸ್ ಅಂತ ಒಂದು ವ್ಯವಸ್ಥೆ ಇದೆ. ಸಾಧಾರಣ ಡೀಸೆಲ್ ಗಾಡಿಯಲ್ಲಿ ಇಂಜಿನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ತಿರುಗಲು ಶುರುವಾಗಬೇಕಾದರೆ ಹೊಗೆಯ ಒತ್ತಡ ಬರುವ ತನಕ ಕಾಯಬೇಕು. ಇದರಲ್ಲಿ ಚಿಕ್ಕ ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿಯನ್ನು ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಊದಿ, ಹೊಗೆ ಬರುವ ಮುಂಚೆಯೇ ಟರ್ಬೊ ತಿರುಗಿಸಿಬಿಡುತ್ತಾರೆ. ನಿಂತಲ್ಲಿಂದ ಹೊರಡುವಾಗ ಅದರ ಗುಣ ಗೊತ್ತಾಗುತ್ತದೆ. ತೋಟದ ಕಚ್ಚಾ ದಾರಿಯಿಂದ ಮೇನ್ ರೋಡಿಗೆ, ತಿರುವಿನ ಪಕ್ಕದಲ್ಲೇ ಹತ್ತಬೇಕಾದ ನಮ್ಮಂಥವರಿಗೆ ಅದು ದೊಡ್ಡ ವಿಷಯ.

ನನ್ನ ಹೆಂಡತಿ ಈ ಲೆಕ್ಕವನ್ನೆಲ್ಲ ಕೇಳಿ, "ರೀ, ಲಾರಿ ಹಿಂದೆನೇ ಹೋದ್ರೆ ಹತ್ತು ನಿಮಿಷ ತಡ ಆಗತ್ತೆ, ಅಷ್ಟೇ ಅಲ್ವಾ?" ಅಂದಳು. ಅದೂ ಸರಿಯೇ. ಅವಳು ಓಡಿಸುವಾಗ ಹಾಗೇ ಹೋಗುತ್ತಾಳೆ.

ಸಕ್ರೆಬೈಲಿನ ಹತ್ತಿರ ಮಾತ್ರ ನಾನೂ ಅವಳ ಥರವೇ. ಬಿಡಾರದ ಆನೆಗಳು, ನೋಡಲು ನಿಲ್ಲಿಸಿದ ಟೂರಿಸ್ಟ್ ಗಾಡಿಗಳು, ರಸ್ತೆ ಮಧ್ಯೆ ಫೋಟೋ ತೆಗೆಯುವವರು. ರಾತ್ರಿ ಹೊತ್ತು ರಸ್ತೆ ಬೆಚ್ಚಗಿರುತ್ತದೆ ಅಂತ ದನಗಳು ಬಂದು ಮಲಗುತ್ತವೆ. ಕಪ್ಪು ಎಮ್ಮೆ, ಕಪ್ಪು ಡಾಂಬರು, ಮೇಲಿಂದ ಮಳೆ. ಅಲ್ಲಿ ಯಾವ ಟಾರ್ಕೂ ಕೆಲಸಕ್ಕೆ ಬರುವುದಿಲ್ಲ, ಬ್ರೇಕು ಮತ್ತು ಹೆಡ್‌ಲೈಟು ಬರುತ್ತವೆ. ವೇಗದ ಕಾರು ಕೊಳ್ಳುವುದರ ಇನ್ನೊಂದು ಲಾಭ ಇದು. ಓಡುವ ಶಕ್ತಿ ಕೊಟ್ಟವರು ನಿಲ್ಲಿಸುವ ಶಕ್ತಿಯನ್ನೂ ಕೊಟ್ಟಿರುತ್ತಾರೆ.

ಎಸ್‌ಯುವಿ ಬಿಟ್ಟು ವ್ಯಾಗನ್ ಯಾಕೆ ಅನ್ನುವುದಕ್ಕೆ ನನ್ನ ಉತ್ತರ ವಾಂತಿ. ನಗಬೇಡಿ. ನಮ್ಮ ಚಿಕ್ಕ ಮಗಳಿಗೆ ಮಂಡಗದ್ದೆ ಬರುವಷ್ಟರಲ್ಲಿ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ಹಿಂದೆ ಇದ್ದ ಗಾಡಿ ಎತ್ತರದ್ದು. ತಿರುವಿನಲ್ಲಿ ಎತ್ತರದ ಗಾಡಿಯ ಮೈ ಹೊರಗೆ ವಾಲುತ್ತದೆ, ಮುಂದಿನ ತಿರುವಿನಲ್ಲಿ ಆ ಕಡೆಗೆ. ಹಿಂದಿನ ಸೀಟಿನಲ್ಲಿ ಕೂತವರ ತಲೆ ಈ ಓಲಾಟವನ್ನು ಪೂರ್ತಿ ಅನುಭವಿಸುತ್ತದೆ. ವ್ಯಾಗನ್ ಅಂದರೆ ಮೂಲದಲ್ಲಿ ಸೆಡಾನೇ, ಭಾರ ಎಲ್ಲ ಕೆಳಗಿರುತ್ತದೆ, ವಾಲುವುದು ಕಡಿಮೆ. ಆದರೆ ಮಾಮೂಲಿ ಸೆಡಾನಿನ ಹಾಗೆ ಹೊಟ್ಟೆ ನೆಲಕ್ಕೆ ತಾಗುವುದಿಲ್ಲ, ಕ್ರಾಸ್ ಕಂಟ್ರಿಯನ್ನು ಎತ್ತರಿಸಿಯೇ ಮಾಡಿದ್ದಾರೆ. ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್, ಎಷ್ಟೋ ಎಸ್‌ಯುವಿಗಳಿಗೆ ಸಮ.

ಗಾಡಿಯೊಂದೇ ವಾಂತಿ ನಿಲ್ಲಿಸುತ್ತದೆ ಅಂದುಕೊಳ್ಳಬೇಡಿ, ಕಾಲು ಕೂಡ ಕಲಿಯಬೇಕು. ಶಕ್ತಿ ಇರುವ ಗಾಡಿಯಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಬೆನ್ನು ಸೀಟಿಗೆ ಅಂಟುತ್ತದೆ. ಮುಂದೆ ಕೂತವನಿಗೆ ಖುಷಿ, ಹಿಂದೆ ಕೂತವರಿಗೆ ಹಿಂಸೆ. ಗೇರ್ ಲಿವರಿನ ಹತ್ತಿರದ ತಟ್ಟೆಯಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ಅಭ್ಯಾಸ ಮಾಡಿದೆ. ಅದು ಉರುಳಿ ಗೋಡೆಗೆ ಬಡಿಯಬಾರದು. ಬ್ರೇಕು ತಿರುವಿಗೆ ಮುಂಚೆಯೇ ಮುಗಿಯಬೇಕು, ತಿರುವಿನೊಳಗೆ ಕಾಲು ಆಡಬಾರದು, ತಿರುವು ಬಿಚ್ಚಿಕೊಳ್ಳುತ್ತಾ ಬಂದ ಹಾಗೆ ನಿಧಾನಕ್ಕೆ ಒತ್ತಬೇಕು. ಮಗಳಿಗೆ ಫೋನು ಕೊಡುವುದಿಲ್ಲ, ಗಾಜು ಬೆರಳಷ್ಟು ಇಳಿಸಿರುತ್ತದೆ. ಈಗ ತೀರ್ಥಹಳ್ಳಿ ತನಕ ಹಾಡು ಹೇಳಿಕೊಂಡು ಬರುತ್ತಾಳೆ. ಆ ನಿಂಬೆಹಣ್ಣನ್ನು ನೋಡಿದ ನೆಂಟರೆಲ್ಲ ದೃಷ್ಟಿ ತೆಗೆಯಲು ಇಟ್ಟಿದ್ದಾನೆ ಅಂದುಕೊಂಡಿದ್ದಾರೆ.

ಅಮ್ಮನಿಗೆ ಮಂಡಿ ನೋವು. ಹಳೆ ಎತ್ತರದ ಗಾಡಿಗೆ ಹತ್ತಬೇಕಾದರೆ ಮೇಲಿನ ಹಿಡಿಕೆ ಹಿಡಿದು, ಬಲಗಾಲು ಫುಟ್‌ಬೋರ್ಡಿಗೆ ಇಟ್ಟು, ಯಾರಾದರೂ ಹಿಂದಿನಿಂದ ಒತ್ತಾಸೆ ಕೊಡಬೇಕಿತ್ತು. ಮಾಮೂಲಿ ಸೆಡಾನಿನಲ್ಲಿ ಕೂರುವುದು ಸಲೀಸು, ಏಳುವಾಗ ಪ್ರಾಣ ಹೋಗುತ್ತದೆ. ಈ ಗಾಡಿಯ ಸೀಟು ಸರಿಯಾಗಿ ಅವಳ ಸೊಂಟದ ಎತ್ತರಕ್ಕಿದೆ. ಮೊದಲು ಬೆನ್ನು ತಿರುಗಿಸಿ ಕೂರುತ್ತಾಳೆ, ಸೆರಗು ಎಳೆದುಕೊಳ್ಳುತ್ತಾಳೆ, ಆಮೇಲೆ ಎರಡೂ ಕಾಲನ್ನು ಜೋಡಿಸಿ ಒಳಗೆ ತರುತ್ತಾಳೆ. ಯಾರ ಸಹಾಯವೂ ಬೇಡ. ಕಾರು ನೋಡಲು ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಅವರು ಹತ್ತಿ ಇಳಿಯುವುದನ್ನು ಪಕ್ಕದಲ್ಲಿ ನಿಂತು ನೋಡಿ. ಟೆಸ್ಟ್ ಡ್ರೈವಿಗಿಂತ ಅದು ಹೆಚ್ಚು ಹೇಳುತ್ತದೆ.

ಡಿಕ್ಕಿ 560 ಲೀಟರ್. ಸಂಖ್ಯೆ ನೋಡಿದರೆ ಅಂಥ ವಿಶೇಷವಲ್ಲ, ಆದರೆ ಉದ್ದ ಇದೆ, ಅಡಿ ಸಪಾಟಾಗಿದೆ, ಬಾಯಿ ತಗ್ಗಿನಲ್ಲಿದೆ. ಬಾಳೆಗೊನೆಯನ್ನು ಎದೆಮಟ್ಟ ಎತ್ತಬೇಕಿಲ್ಲ, ಮೊಣಕಾಲಿನ ಮೇಲಕ್ಕೆ ಬಂದರೆ ಜಾರಿಸಬಹುದು. ಹಿಂದಿನ ಸೀಟಿನ ಒಂದು ಭಾಗ ಮಡಚಿದರೆ ಅಡಿಕೆ ಕೊಯ್ಯುವ ದೋಟಿ ಹಿಡಿಯುತ್ತದೆ. ಈಗ ಎಲ್ಲರೂ ಬಳಸುವ ಕಾರ್ಬನ್ ಫೈಬರ್ ದೋಟಿ, ಒಂದರೊಳಗೊಂದು ತೂರಿಕೊಂಡು ಚಿಕ್ಕದಾಗುತ್ತದೆ ನಿಜ, ಆದರೂ ಆಳುದ್ದ ಉಳಿಯುತ್ತದೆ. ಬೆಲೆ ಜಾಸ್ತಿ, ಕ್ಯಾರಿಯರ್ ಮೇಲೆ ಕಟ್ಟಿ ಬಿಸಿಲು ಮಳೆಗೆ ಒಡ್ಡಲು ಮನಸ್ಸಾಗುವುದಿಲ್ಲ. ನಾನು ಅದನ್ನು ಹಳೆ ಕಂಬಳಿಯಲ್ಲಿ ಸುತ್ತಿ, ತುದಿ ಮುಂದಿನ ಸೀಟಿನ ಬೆನ್ನಿಗೆ ತಾಗುವ ಹಾಗೆ ಇಟ್ಟು, ಬೆಲ್ಟ್ ಹಾಕಿ ಬಿಗಿಯುತ್ತೇನೆ. ಪಕ್ಕದಲ್ಲಿ ಮಗ ಕೂತಿರುತ್ತಾನೆ. ಇದು ಬೇರೆ ಗಾಡಿಯಲ್ಲಿ ಸುಲಭಕ್ಕೆ ಆಗುವ ಕೆಲಸವಲ್ಲ, ಆಗುವುದಾದರೂ ಗಾಜಿನಿಂದ ಹೊರಗೆ ತೂರಿಸಿ ಕೆಂಪು ಬಟ್ಟೆ ಕಟ್ಟಿಕೊಂಡು ಹೋಗಬೇಕು.

ಡಿಕ್ಕಿಯ ತಳಕ್ಕೆ ಕಂಪನಿಯ ದುಬಾರಿ ರಬ್ಬರ್ ಮ್ಯಾಟು ಬೇಕಿಲ್ಲ. ಅಗಲವಾದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿಕೊಂಡರೆ ಮೂರು ನಾಲ್ಕು ಹಾಳೆ ಪೂರ್ತಿ ತಳ ಮುಚ್ಚುತ್ತವೆ. ಅದರ ಮೇಲೊಂದು ಗೋಣಿಚೀಲ. ಕೆಸರಾದರೆ ಎತ್ತಿ ಎಸೆದು ಬೇರೆ ಹಾಕಿದರಾಯಿತು. ನಾಯಿ ತೋಟದಿಂದ ಬರುವಾಗ ಇಂಬಳ (ಜಿಗಣೆ) ಹೊತ್ತು ತರುತ್ತದೆ, ಅವು ತಿಳಿ ಬಣ್ಣದ ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತವೆ. ಕಪ್ಪು ರಬ್ಬರಿನ ಮೇಲೆ ಕಾಣುವುದಿಲ್ಲ, ಆಮೇಲೆ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಯಾರದ್ದಾದರೂ ಕಾಲಿನಲ್ಲಿರುತ್ತವೆ.

ಈ ಗಾಡಿಗೆ ಹಾಕದೇ ಇರುವ ಸಾಮಾನೂ ಇದೆ. ಅಡಿಕೆ ಮೂಟೆ ಮಂಡಿಗೆ ಹೋಗುವುದು ಪಿಕಪ್ಪಿನಲ್ಲೇ, ಅದರಲ್ಲಿ ಮಾತಿಲ್ಲ. ಮೈಲುತುತ್ತ ಅಂತೂ ಬೇಡವೇ ಬೇಡ. ಕೊಳೆರೋಗಕ್ಕೆ ಹೊಡೆಯುವ ಶೇಕಡ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕದಡಬೇಕು, ಕಬ್ಬಿಣದ ಪಾತ್ರೆಯಲ್ಲಿ ಅಲ್ಲ ಅಂತ ಬೆಳೆಗಾರರಿಗೆಲ್ಲ ಗೊತ್ತು, ಯಾಕೆಂದರೆ ತಾಮ್ರದ ಲವಣ ಕಬ್ಬಿಣವನ್ನು ತಿನ್ನುತ್ತದೆ. ಒಂದು ಚೀಲ ಒಡೆದು ಪುಡಿ ಡಿಕ್ಕಿಯ ಸಂದಿಗೆ ಇಳಿದು, ಮೇಲೆ ಮಳೆನೀರು ಬಿದ್ದರೆ ತಗಡಿನ ಗತಿ ಯೋಚಿಸಿ.

ಭಾರದ ಸಾಮಾನನ್ನು ಸೀಟಿನ ಬೆನ್ನಿಗೆ ಒತ್ತಿ, ತಳದಲ್ಲಿ ಇಡಬೇಕು. ಕಿಟಕಿ ಮಟ್ಟಕ್ಕಿಂತ ಮೇಲೆ ತುಂಬಿದರೆ ಸೀಟಿಗೂ ಚಾವಣಿಗೂ ನಡುವೆ ಬಲೆ ಕಟ್ಟಲೇಬೇಕು. ಸೆಡಾನಿನಲ್ಲಿ ಡಿಕ್ಕಿ ಬೇರೆ ಕೋಣೆ, ವ್ಯಾಗನ್ನಿನಲ್ಲಿ ಎಲ್ಲ ಒಂದೇ ಹಜಾರ. ಜೋರಾಗಿ ಬ್ರೇಕ್ ಹಾಕಿದಾಗ ಸುಲಿದ ತೆಂಗಿನಕಾಯಿ ಹಿಂದಿನಿಂದ ಹಾರಿ ಬಂದರೆ ಮಕ್ಕಳ ತಲೆಗೇ. ಅದೇ ಕಾರಣಕ್ಕೆ, ಜಾತ್ರೆಗೆ ಹೋಗುವಾಗ "ಮಕ್ಳು ಹಿಂದೆ ಡಿಕ್ಕೀಲಿ ಕೂತ್ಕಳ್ಳಿ ಬಿಡು" ಅನ್ನುವ ನೆಂಟರ ಮಾತಿಗೆ ನಾನು ಒಪ್ಪುವುದಿಲ್ಲ. ಜಾಗ ಇದೆ ಅಂತ ಅದು ಸೀಟಾಗುವುದಿಲ್ಲ. ಈ ವಿಷಯದಲ್ಲಿ ಒಂದೆರಡು ಮುನಿಸು ಕಟ್ಟಿಕೊಂಡಿದ್ದೇನೆ.

ಕೊಂಡ ಕತೆ ಚಿಕ್ಕದು. ಬೇರೆ ರಾಜ್ಯದಲ್ಲಿ ಇಂಥ ಡೀಸೆಲ್ ಗಾಡಿಗಳು ಅಗ್ಗ, ಅದರಲ್ಲೂ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧದ ಭಯ ಇರುವ ದೆಹಲಿ ಕಡೆ. ಆದರೆ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಆ ತೆರಿಗೆ ಶೇಕಡ 18, ಮೇಲೆ ಸೆಸ್ಸು. ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ, ಆದರೂ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಹಾಗಾಗಿ ಬೆಂಗಳೂರಿನ ಕೆಎ ನಂಬರೇ ಹುಡುಕಿದೆ. ಒಬ್ಬ ಡೀಲರ್ ತೋರಿಸಿದ ಗಾಡಿ ಹೊಳೆಯುತ್ತಿತ್ತು, ಮೀಟರಿನಲ್ಲಿ ಓಡಿದ್ದೂ ಕಡಿಮೆ. ಸ್ಟೀರಿಂಗ್ ಚರ್ಮ ಮಾತ್ರ ಸವೆದು ನುಣುಪಾಗಿತ್ತು, ಬ್ರೇಕ್ ಪೆಡಲಿನ ರಬ್ಬರಿನ ಅಂಚು ಹೋಗಿತ್ತು. ಸರ್ವಿಸ್ ದಾಖಲೆ ತರಿಸಿ ನೋಡಿದರೆ, ಹಿಂದಿನ ಸರ್ವಿಸಿನಲ್ಲೇ ಈಗ ತೋರಿಸುತ್ತಿರುವುದಕ್ಕಿಂತ ಹೆಚ್ಚು ಓಡಿತ್ತು. "ಸಾರ್, ಅದು ಟೈಪಿಂಗ್ ಮಿಸ್ಟೇಕು" ಅಂದ. ನಮಸ್ಕಾರ ಹೇಳಿ ಬಂದೆ. ಕೊನೆಗೆ ಸಿಕ್ಕಿದ್ದು ಒಬ್ಬರೇ ಮಾಲೀಕರ, ಹೆಚ್ಚು ಓಡಿದ, ಆದರೆ ಪ್ರತಿ ಸರ್ವಿಸಿನ ಬಿಲ್ಲೂ ಇದ್ದ ಗಾಡಿ. ಡೀಸೆಲ್ ಇಂಜಿನಿಗೆ ಹೈವೇಯ ಓಟ ಕೆಡುಕಲ್ಲ. ಊರೊಳಗೇ ಅಡ್ಡಾಡಿ ಕಡಿಮೆ ಓಡಿದ ಡೀಸೆಲ್ ಗಾಡಿಗೆ ನಾನು ಹೆಚ್ಚು ಹೆದರುತ್ತೇನೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರು) ಇರುವ ಗಾಡಿಯಾದರೆ ಇನ್ನೂ ಹೆಚ್ಚು. ಆ ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟುಹೋಗಲು ಇಂಜಿನ್ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ಸ್ಕೂಲಿಗೆ ಎರಡು ಕಿಲೋಮೀಟರ್, ತರಕಾರಿಗೆ ಒಂದು ಕಿಲೋಮೀಟರ್ ಅಂತ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ನಮ್ಮ ತೋಟದ ದಾರಿ ಆ ಔಷಧಿಯನ್ನು ತಾನೇ ಕೊಡುತ್ತದೆ. ಶಿವಮೊಗ್ಗ ಬಿಟ್ಟು ಹೊರಗೆ ಹೋಗದವರು ಪೆಟ್ರೋಲ್ ನೋಡುವುದು ಒಳ್ಳೆಯದು.

ಸರ್ವಿಸಿಗೆ ಬೆಂಗಳೂರಿಗೇ ಹೋಗುತ್ತೇನೆ. ಇಲ್ಲಿಂದ ಸುಮಾರು 300 ಕಿಲೋಮೀಟರ್. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಹೇಗೂ ಬೇರೆ ಕೆಲಸಕ್ಕೆ ಹೋಗುವ ದಿನ ನೋಡಿ ಹೊಂದಿಸುತ್ತೇನೆ. ಆಯಿಲ್, ಬ್ರೇಕ್ ಪ್ಯಾಡು, ಬ್ಯಾಟರಿಯಂಥ ಕೆಲಸಕ್ಕೆ ಇಲ್ಲೇ ಒಬ್ಬ ಹುಡುಗ ಇದ್ದಾನೆ, ಸ್ಕ್ಯಾನರ್ ಇಟ್ಟುಕೊಂಡಿದ್ದಾನೆ, ಗೊತ್ತಿಲ್ಲದ್ದಕ್ಕೆ ಕೈ ಹಾಕುವುದಿಲ್ಲ. "ಅಣ್ಣ, ಇದು ನಂಗೆ ಬರಲ್ಲ, ಬೆಂಗ್ಳೂರಿಗೇ ತಗಂಡ್ ಹೋಗಿ" ಅಂತ ನೇರ ಹೇಳುತ್ತಾನೆ. ಅಂಥವನು ಸಿಗುವ ತನಕ ಈ ಜಾತಿಯ ಗಾಡಿ ತರಬೇಡಿ. ಅಪರೂಪದ ಗಾಡಿಯ ಪಾರ್ಟ್ಸ್ ಬರಲು ದಿನ ಹಿಡಿಯುತ್ತದೆ, ಅಷ್ಟು ದಿನ ಮನೆ ನಡೆಸಲು ಸ್ಕೂಟರು, ಬಸ್ಸು, ಆಟೊ ಸಾಕೇ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ನನ್ನ ಕೈಯಲ್ಲಿ ತೋಟದ ದಾರಿಯಲ್ಲಿ ಲೀಟರಿಗೆ 13ರ ಆಸುಪಾಸು ಕೊಡುತ್ತದೆ, ಪೇಟೆಯೊಳಗೆ 9ಕ್ಕೆ ಇಳಿಯುತ್ತದೆ. ಟೈರು ದುಬಾರಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಒಂದು ಹೊಸ ಟೈರು, ಮೂರು ಸವೆದ ಟೈರು ನಡೆಯುವುದಿಲ್ಲ. ಸುತ್ತಳತೆ ಬೇರೆಯಾದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಕ್ಲಚ್ಚಿಗೆ ಬಿಡುವೇ ಇರುವುದಿಲ್ಲ. ಹಾಗಾಗಿ ನಾಲ್ಕೂ ಒಟ್ಟಿಗೇ ಹಾಕಿಸಬೇಕು.

ಟೈರು ಹಾಕಿಸುವುದಾದರೆ ಮೇ ಕೊನೆಯ ಒಳಗೆ. ಕಾನೂನಿನ ಪ್ರಕಾರ ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿಯುವ ತನಕ ಸವೆಯಬಹುದು, ಆದರೆ ಆ ಕಾನೂನು ಬರೆದವರು ಆಗುಂಬೆ ಮಳೆ ನೋಡಿಲ್ಲ. ಗೆರೆ 3 ಮಿಲಿಮೀಟರಿಗೆ ಇಳಿದರೆ ನಾನು ಆ ಟೈರಿನಲ್ಲಿ ಮಳೆಗಾಲ ದಾಟಿಸುವುದಿಲ್ಲ. ರಸ್ತೆ ಮೇಲೆ ನೀರು ನಿಂತಾಗ ಟೈರಿನ ಗೆರೆಗಳು ಅದನ್ನು ಹೊರಗೆ ತಳ್ಳಬೇಕು, ಗೆರೆಯೇ ಇಲ್ಲದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ನಾಲ್ಕು ಚಕ್ರದ ಎಳೆತ ಇದೆ ಅನ್ನುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಹೊರಡಲು, ಹತ್ತಲು ಸಹಾಯ ಮಾಡುತ್ತದೆ. ನಿಲ್ಲಲು ಮಾಡುವುದಿಲ್ಲ. ತೋಟದ ಜೇಡಿಮಣ್ಣಿನ ಏರನ್ನು ಇದು ಹತ್ತುತ್ತದೆ, ಅದೇ ಇಳಿಜಾರಿನಲ್ಲಿ ರಸ್ತೆ ಟೈರು ಹಾಕಿದ ಭಾರದ ಗಾಡಿ ಜಾರುತ್ತದೆ. ಜಡಿಮಳೆಯ ದಿನ ಗಾಡಿ ಮೇನ್ ರೋಡಿನ ಪಕ್ಕ ನಿಲ್ಲಿಸಿ ಕೊಡೆ ಬಿಚ್ಚಿಕೊಂಡು ನಡೆಯುತ್ತೇನೆ.

ಆಗುಂಬೆ ಘಾಟಿಯ 14 ತಿರುವಿನಲ್ಲಿ ಇಷ್ಟುದ್ದದ ಗಾಡಿ ತಿರುಗುತ್ತದಾ ಅಂತ ಕೇಳುತ್ತಾರೆ. ತಿರುಗುತ್ತದೆ, ಮಿನಿ ಬಸ್ಸು ತಿರುಗುವ ಜಾಗ ಅದು. ತಿರುವಿನ ಹೊರ ಅಂಚಿನಿಂದ ತಡವಾಗಿ ತಿರುಗಿಸಬೇಕು, ಅಷ್ಟೇ. ಇಳಿಯುವಾಗ ಗೇರನ್ನು ಕೈಗೆ ತೆಗೆದುಕೊಂಡು ಎರಡರಲ್ಲಿ ಇಳಿಸುತ್ತೇನೆ. ಆಟೊಮ್ಯಾಟಿಕ್ ಅದರ ಪಾಡಿಗೆ ಬಿಟ್ಟರೆ ಮೇಲಿನ ಗೇರಿಗೆ ಹೋಗಿ, ಸುಮಾರು ಎರಡು ಟನ್ ಭಾರ ಪೂರ್ತಿ ಬ್ರೇಕಿನ ಮೇಲೆ ಬೀಳುತ್ತದೆ. ಸೋಮೇಶ್ವರ ತಲುಪುವಷ್ಟರಲ್ಲಿ ಸುಟ್ಟ ವಾಸನೆ ಬರುವ ಗಾಡಿಗಳೆಲ್ಲ ಹಾಗೆ ಇಳಿದವೇ. ಇಕ್ಕಟ್ಟಿನಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮ. ಹೊರಗಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ, ಹೆಡ್‌ಲೈಟ್ ಮಿಟುಕಿಸಿ ನುಗ್ಗುತ್ತಾರೆ. ನಿಂತುಬಿಡುವುದು ಕ್ಷೇಮ. ಸಿಗಂದೂರಿಗೆ ಹೋಗುವಾಗ ಲಾಂಚಿನ ಹಲಗೆಗೆ ಬಂಪರ್ ತಾಗುತ್ತದೇನೋ ಅನ್ನುವ ಒಂದು ಚಿಂತೆ ಇತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಅದೂ ಹೋಯಿತು.

ಮಳೆಗಾಲದಲ್ಲಿ ನಿಂತ ಗಾಡಿಯನ್ನೂ ನೋಡಿಕೊಳ್ಳಬೇಕು. ಇಲಿಗಳು ಬೆಚ್ಚಗಿನ ಇಂಜಿನ್ ಹುಡುಕಿಕೊಂಡು ಬಂದು ವೈರು ಕಡಿಯುತ್ತವೆ. ತಂಬಾಕಿನ ಎಲೆ ಕಟ್ಟಿ ಇಡುವ ಪದ್ಧತಿ ನಮ್ಮಲ್ಲಿದೆ, ನಾನೂ ಇಟ್ಟಿದ್ದೇನೆ. ಆದರೆ ರಾತ್ರಿ ಬಾನೆಟ್ ಎತ್ತಿ ಇಡುವುದು ಇನ್ನೂ ಒಳ್ಳೆಯದು, ಕತ್ತಲೆ ಬೆಚ್ಚಗಿನ ಗೂಡು ಇಲ್ಲದಿದ್ದರೆ ಅವು ನಿಲ್ಲುವುದಿಲ್ಲ. ವೈಪರಿನ ಬುಡದಲ್ಲಿ, ಸನ್‌ರೂಫಿನ ನಾಲ್ಕು ಮೂಲೆಯಲ್ಲಿ ನೀರು ಹೋಗುವ ತೂತುಗಳಿವೆ. ಮರದಡಿ ನಿಂತ ಗಾಡಿಯಲ್ಲಿ ಎಲೆ, ಹೂವು ಕೊಳೆತು ಅವು ಮುಚ್ಚುತ್ತವೆ, ಆಮೇಲೆ ನೀರು ಹುಡುಕಿಕೊಳ್ಳುವ ದಾರಿ ಕಾರಿನ ಒಳಗೇ. ಜೂನ್ ಮುಂಚೆ ಒಂದು ಚೊಂಬು ನೀರು ಹೊಯ್ದು, ಅದು ಚಕ್ರದ ಹತ್ತಿರ ಕೆಳಗೆ ಬೀಳುತ್ತದಾ ಅಂತ ನೋಡಿ. ಒಳಗೆ ಬೂಸ್ಟು ಹಿಡಿಯದಿರಲು ಪ್ರತಿ ಓಟದ ಕೊನೆಯ ಕೆಲವು ನಿಮಿಷ ಎಸಿ ಆರಿಸಿ ಫ್ಯಾನು ಮಾತ್ರ ಬಿಡುತ್ತೇನೆ. ಚರ್ಮದ ಸೀಟು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಗೇ ಬಿಟ್ಟರೆ ಮೂರನೇ ದಿನ ಹಸಿರು.

ಪೇಟೆಯೊಳಗೆ ಮಾತ್ರ ಈ ಗಾಡಿ ದಂಡ. ಗಾಂಧಿ ಬಜಾರಿಗೆ ತೆಗೆದುಕೊಂಡು ಹೋಗುವುದೇ ಇಲ್ಲ. ದುರ್ಗಿಗುಡಿಯಲ್ಲಿ ಜಾಗ ಸಿಕ್ಕರೂ ಮೂತಿ ಹೊರಗಿರುತ್ತದೆ, ಆಟೊದವರ ಬೈಗುಳ ಮೂತಿಗಿಂತ ಮುಂಚೆ ತಲುಪುತ್ತದೆ. ಸುತ್ತಲಿನ ಕ್ಯಾಮೆರಾ ಇರುವುದರಿಂದ ಉಜ್ಜದೆ ಉಳಿದಿದೆ. ಹೆಂಡತಿ ಸ್ಕೂಟರಿನಲ್ಲೇ ಪೇಟೆ ಕೆಲಸ ಮುಗಿಸುತ್ತಾಳೆ. ಕಾರಿನ ಎರಡನೇ ಕೀ ಅವಳ ಬ್ಯಾಗಿನಲ್ಲಿದೆ, ತವರಿಗೆ ಹೋಗುವಾಗ ತೆಗೆಯುತ್ತಾಳೆ. ಅವಳ ತವರು ಹೊಸನಗರ. ಅಲ್ಲಿಂದ ಬರುವಾಗ ಡಿಕ್ಕಿಯಲ್ಲಿ ಹಲಸಿನಹಣ್ಣು, ಉಪ್ಪಿನಕಾಯಿ ಭರಣಿ, ಜೇನು, ಯಾರೋ ಕೊಟ್ಟ ಗಿಡ. ಅಷ್ಟೆಲ್ಲ ಹೇರಿಕೊಂಡು ರಿಪ್ಪನ್‌ಪೇಟೆ ದಾರಿಯಲ್ಲಿ ಬಂದವಳು ಮೊನ್ನೆ, "ಎರಡು ಟ್ರ್ಯಾಕ್ಟರ್ ಹಿಂದೆ ಹಾಕ್ದೆ ಕಣ್ರೀ" ಅಂದಳು. ನಾನು ಲೆಕ್ಕದ ಪೇಪರು ತೆಗೆಯಲು ಹೋಗಲಿಲ್ಲ.